ದಕ್ಕೆಗೆ ಇಳಿಯುವ ಬಯಲುಸೀಮೆ ವಿದ್ಯಾರ್ಥಿಗಳಿಗೆ ಆರು ಪಾಠ

ಅಜ್ಜಂಪುರ, ಕಡೂರು, ತರೀಕೆರೆ ಕಡೆಯ ಮಕ್ಕಳಿಗೆ ಕೆರೆ ಮೀನು ಗೊತ್ತು, ಕಡಲು ಹೊಸದು. ಅವರಲ್ಲಿ ಯಾರಾದರೂ ಮಂಗಳೂರಿನ ಮೀನುಗಾರಿಕೆ ಕಾಲೇಜು ಸೇರಿದರೆ, ಪದವಿಯ ಕೊನೆಗೆ ತರಬೇತಿಗೆಂದು ಬಂದರಿಗೆ ಇಳಿಯಲೇಬೇಕು. 1969ರಲ್ಲಿ ಶುರುವಾದ ಈ ಕಾಲೇಜು ದೇಶದಲ್ಲೇ ಮೊದಲನೆಯದು. ಅಂಥ ವಿದ್ಯಾರ್ಥಿಗಳ ಜೊತೆ ದಕ್ಕೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆ, ತಿರುಗಿದವನಾಗಿ ನಾನು ಹೇಳುವುದು ಇಷ್ಟು.

1. ಏಲಂಗೆ ಮುಂಚೆಯೇ ಹಾಜರಿರಿ. ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಬೆಳಕು ಹರಿಯುವ ಮೊದಲೇ ವ್ಯಾಪಾರ ಕುದುರಿರುತ್ತದೆ. ಏಲಂ ಮುಗಿದ ಬುಟ್ಟಿ ಐಸ್ ಹಾಕಿಸಿಕೊಂಡು ಗಾಡಿ ಹತ್ತಿದರೆ, ಯಾವ ಬೋಟಿನ ಮೀನು ಯಾವುದೆಂದು ಹೇಳುವವರು ಸಿಗುವುದಿಲ್ಲ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಮೀನನ್ನು ಎಷ್ಟು ಚೆನ್ನಾಗಿ ಅಳೆದರೂ ಪ್ರಯೋಜನವಿಲ್ಲ.

2. ಕಣ್ಣಿಗೆ ಕಂಡ ಮೀನನ್ನಷ್ಟೇ ಅಳತೆಗೆ ಆರಿಸಬೇಡಿ. ಹೊಸಬರ ಕೈ ತಾನಾಗಿಯೇ ದಪ್ಪ ಬಂಗುಡೆಯ ಕಡೆ ಹೋಗುತ್ತದೆ. ಚೀಲದ ಬಾಯಲ್ಲಿ ದಪ್ಪ ಈರುಳ್ಳಿ ಜೋಡಿಸಿ ತರುವ ಉಪಾಯ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬುಟ್ಟಿಯನ್ನೂ ಅದೇ ಅನುಮಾನದಿಂದ ನೋಡಿ, ತಳದಿಂದಲೂ ತೆಗೆಯಿರಿ. ಟ್ರಾಲ್ ಬೋಟಿನ ಮೀನು ದಕ್ಕೆಗೆ ಬರುವ ಮೊದಲೇ ವಿಂಗಡವಾಗಿರುತ್ತದೆ. ಫಿಶ್‌ಮೀಲ್ ಕಾರ್ಖಾನೆಗೆ ಹೋಗುವ ರಾಶಿಯನ್ನು ಕೇಳಿ ನೋಡಿ. ಬಲಿಯುವ ಮೊದಲೇ ಬಲೆಗೆ ಬಿದ್ದ ಮರಿಗಳು ಅಲ್ಲಿರುತ್ತವೆ, ಏಲಂ ಕಟ್ಟೆಯಲ್ಲಿ ಅಲ್ಲ.

3. ತೂಕದ ಜೊತೆ ದುಡಿಮೆಯನ್ನೂ ಬರೆದುಕೊಳ್ಳಿ. ಬೆಳಿಗ್ಗೆ ಹೋಗಿ ಸಂಜೆ ಬಂದ ಬೋಟು ತಂದ ಒಂದು ಟನ್ನೂ ವಾರಕ್ಕೂ ಮಿಕ್ಕಿ ಆಳಸಮುದ್ರದಲ್ಲಿದ್ದ ಬೋಟು ತಂದ ಒಂದು ಟನ್ನೂ ಒಂದೇ ಅಲ್ಲ. ಎಷ್ಟು ಮಾರು ಆಳದಲ್ಲಿ, ಎಷ್ಟು ಸಲ, ಎಷ್ಟು ಗಂಟೆ ಬಲೆ ಎಳೆದರೆಂದು ಬೋಟು ನಡೆಸುವ ತಾಂಡೇಲರನ್ನೇ ಕೇಳಬೇಕು. ಮೀನು ಇಳಿಸುವ ಗಡಿಬಿಡಿಯಲ್ಲಿ ಅಲ್ಲ, ಅವರು ಚಹಾಕ್ಕೆ ಕೂತಾಗ. ‘ಅಣ್ಣಾ’ ಎಂದು ಕರೆದು, ಪುಸ್ತಕ ಮುಚ್ಚಿಟ್ಟು ಮಾತು ಶುರು ಮಾಡಿದರೆ ಉತ್ತರ ಸಿಗುತ್ತದೆ. ಮೀನು ಕಡಿಮೆಯಾಯಿತೇ ಇಲ್ಲವೇ ಎಂಬುದು ತಿಳಿಯುವುದು ಇಂಥ ಲೆಕ್ಕದಿಂದಲೇ.

4. ಹೊಟ್ಟೆ ಸೀಳಲು ಹೇಸಬೇಡಿ. ಬಂಗುಡೆಯನ್ನು ಗುದದ ಕಡೆಯಿಂದ ಮುಂದಕ್ಕೆ ಕತ್ತರಿ ಹಾಕಿ ಬಿಡಿಸಿ. ಕತ್ತರಿಯ ತುದಿ ಮೇಲ್ಮುಖವಾಗಿರಲಿ, ಇಲ್ಲವಾದರೆ ಒಳಗಿನದೆಲ್ಲ ಕಲಸಿಹೋಗುತ್ತದೆ. ಬಲಿತ ಹೆಣ್ಣಾದರೆ ಹಳದಿ ಅಂಡಾಶಯದಲ್ಲಿ ಕಾಳುಕಾಳಾಗಿ ಮೊಟ್ಟೆಗಳು ಬರಿಗಣ್ಣಿಗೇ ಕಾಣುತ್ತವೆ. ಗಂಡಾದರೆ ಬೆಳ್ಳಗಿನ ಪಟ್ಟಿ. ಆ ಮೀನಿನ ಉದ್ದ, ತೂಕ, ಬಲಿತ ಹಂತ ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಎಷ್ಟು ಉದ್ದಕ್ಕೆ ಮೀನು ಮೊಟ್ಟೆಯಿಡುವಷ್ಟು ಬಲಿಯುತ್ತದೆ ಎಂದು ಗೊತ್ತಾಗುವುದು ಇಂಥ ಸಾಲುಗಳಿಂದ. ಯಾವ ಗಾತ್ರಕ್ಕಿಂತ ಸಣ್ಣದನ್ನು ಹಿಡಿಯಬಾರದು ಎಂಬ ನಿಯಮ ನಿಲ್ಲುವುದೂ ಅವುಗಳ ಮೇಲೆಯೇ.

5. ನಿಷೇಧದ ಕಾಲವನ್ನು ರಜೆ ಅಂದುಕೊಳ್ಳಬೇಡಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆಗಳು ದಡದಲ್ಲಿ ಹರಡಿರುವುದು ಆಗಲೇ. ಟ್ರಾಲ್ ಬಲೆಯ ತುದಿಚೀಲದ ಕಣ್ಣು ಎಷ್ಟು ಅಗಲ, ಎಳೆದಾಗ ಅದು ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಬಲೆ ಹೆಣೆಯುವವರ ಪಕ್ಕ ಕೂತು ನೋಡಿ. ಚೌಕ ಕಣ್ಣಿನ ಚೀಲ ಏಕೆ ಬೇಕೆಂದು ಆಗ ಯಾರೂ ಹೇಳಿಕೊಡಬೇಕಾಗುವುದಿಲ್ಲ. ನಾಡದೋಣಿಗಳು ಹೊರಟರೆ ಅವುಗಳ ಲೆಕ್ಕವನ್ನೂ ಬಿಡಬೇಡಿ.

6. ಕಲಿತದ್ದನ್ನು ಘಟ್ಟ ಹತ್ತಿಸಿ. ಎಲ್ಲರಿಗೂ ಕಡಲಿನಲ್ಲೇ ಕೆಲಸ ಸಿಗದು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲೇ ಭದ್ರಾ ಜಲಾಶಯವಿದೆ, ಹತ್ತಿರದ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿ ಕೇಂದ್ರವಿದೆ. ಕಡಲನ್ನು ಮರಿ ಬಿಟ್ಟು ತುಂಬಿಸಲಾಗದು, ಹಿಡಿಯುವುದಕ್ಕೆ ಮಿತಿ ಹಾಕಬೇಕು. ಜಲಾಶಯಕ್ಕೂ ಕೆರೆಗೂ ಕಾಟ್ಲಾ, ರೋಹು ಮರಿ ಬಿತ್ತಬಹುದು. ಆದರೆ ಬಿತ್ತಿದ್ದರಲ್ಲಿ ಎಷ್ಟು ಉಳಿದು ಬಲೆಗೆ ಬಂತು? ತೆಪ್ಪ ಎಷ್ಟು, ಬೀಡುಬಲೆಯ ಉದ್ದ ಎಷ್ಟು, ನೀರಲ್ಲಿ ಎಷ್ಟು ಹೊತ್ತು ಇತ್ತು ಎಂದು ಬರೆದಿಡದಿದ್ದರೆ ಇಲ್ಲಿಯೂ ಉತ್ತರವಿಲ್ಲ. ಮುಂದಿನ ವರ್ಷ ಎಷ್ಟು ಮರಿ ಬಿಡಬೇಕೆಂದು ಗುತ್ತಿಗೆದಾರರು ಕೇಳಿದಾಗ ಅಂದಾಜು ಹೇಳದೆ ಲೆಕ್ಕ ತೋರಿಸಬಲ್ಲವರು ನಮ್ಮ ತಾಲ್ಲೂಕುಗಳಿಗೆ ಬೇಕಾಗಿದ್ದಾರೆ.