ನಗುವ ಮೊದಲು ಲೆಕ್ಕ ಕೇಳು

ನೀನು ಕಳಿಸಿದ ವಿಡಿಯೊ ನೋಡಿದೆ. ಟಿ.ವಿ. ಬೋಧಕ ಹಣೆ ಮುಟ್ಟಿದ ಕೂಡಲೇ ಜನ ಸಾಲಾಗಿ ಉರುಳುವುದು, ಅದರ ಕೆಳಗೆ 'ಎಂಥ ಪೆದ್ದರು ದೊಡ್ಡಪ್ಪ, ನೀವು ಹೇಳುತ್ತಿದ್ದದ್ದೇ ಸರಿ' ಎಂಬ ನಿನ್ನ ಷರಾ. ಪೆದ್ದರು ಅಂತ ನಾನು ಯಾವತ್ತೂ ಹೇಳಿಲ್ಲ ಮಗೂ. ದೇವರನ್ನು ನಂಬದೆಯೇ ಈ ವಯಸ್ಸಿಗೆ ಬಂದಿದ್ದೇನೆ, ಇನ್ನು ನಂಬುವ ಲಕ್ಷಣವೂ ಇಲ್ಲ. ಆದರೆ ನಂಬದವರಿಗೆ ಬೇಗ ಅಂಟುವ ಚಟವೊಂದಿದೆ: ವೇದಿಕೆ ಮೇಲಿರುವವನನ್ನು ಬಿಟ್ಟು ಕುರ್ಚಿಯಲ್ಲಿ ಕೂತವರನ್ನು ಆಡಿಕೊಳ್ಳುವುದು. ಅದನ್ನು ಈಗಲೇ ಬಿಡು.

ಹ್ಯೂಸ್ಟನ್‌ನಲ್ಲೇ ಇದ್ದೀಯಲ್ಲ, ಒಂದು ಭಾನುವಾರ ಟಿ.ವಿ. ಬೋಧಕ ಜೋಯೆಲ್ ಆಸ್ಟೀನರ ಲೇಕ್‌ವುಡ್ ಚರ್ಚಿಗೆ ಹೋಗಿ ಬಾ. ಅವರ ತಂದೆ ಜಾನ್ 1959ರಲ್ಲಿ ಅದನ್ನು ಶುರುಮಾಡಿದ್ದು ಪಶು ಆಹಾರ ಮಾರುತ್ತಿದ್ದ ಹಳೇ ಅಂಗಡಿಯಲ್ಲಿ. 2005ರಿಂದ ಅದು ರಾಕೆಟ್ಸ್ ತಂಡ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಕ್ರೀಡಾಂಗಣದಲ್ಲಿದೆ, ಸುಮಾರು 16,000 ಆಸನ. ಉಪದೇಶ ನಿನಗೆ ಸಪ್ಪೆ ಅನ್ನಿಸೀತು. ಅಕ್ಕಪಕ್ಕ ಕೂತವರನ್ನು ಗಮನಿಸು. ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿ ಏರ್ಪಾಡಿದೆ, ಸ್ಪ್ಯಾನಿಷ್ ಮಾತಾಡುವವರಿಗೆ ಅವರ ಭಾಷೆಯಲ್ಲೇ ಆರಾಧನೆ ಇದೆ. ಪರವೂರಿಂದ ಬಂದು ಯಾರ ಪರಿಚಯವೂ ಇಲ್ಲದವರಿಗೆ ಇದೇನು ಸಣ್ಣ ಸಂಗತಿಯೇ? ನಮ್ಮ ವಿಚಾರವಾದಿ ಸಭೆಗಳಲ್ಲಿ ಕುರ್ಚಿ ಜೋಡಿಸಲಿಕ್ಕೂ ಜನ ಸಿಗುವುದಿಲ್ಲ, ಆ ಮಾತು ಬೇಡ ಬಿಡು.

ಮೋಸ ಇಲ್ಲವೆಂದಲ್ಲ. ಪೀಟರ್ ಪಾಪಾಫ್ ಎಂಬ ಟಿ.ವಿ. ಬೋಧಕ ಸಭಿಕರ ಹೆಸರು, ಕಾಯಿಲೆ, ಮನೆ ವಿಳಾಸವನ್ನೆಲ್ಲ ದೇವರೇ ತಿಳಿಸಿದ ಹಾಗೆ ಹೇಳುತ್ತಿದ್ದ. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಅವರ ಗೆಳೆಯರು ರೇಡಿಯೊ ಸ್ಕ್ಯಾನರ್ ಹಿಡಿದು ಅವನ ಬೆನ್ನು ಹತ್ತಿದರು. 39.17 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದ್ದು ದೇವರ ದನಿಯಲ್ಲ, ಪಾಪಾಫನ ಹೆಂಡತಿಯದು. ಜನ ಬರೆದುಕೊಟ್ಟ ಪ್ರಾರ್ಥನೆಯ ಚೀಟಿಗಳಲ್ಲಿದ್ದ ವಿವರವನ್ನೇ ಆಕೆ ತೆರೆಮರೆಯಿಂದ ಗಂಡನ ಕಿವಿಯೊಳಗಿದ್ದ ಪುಟ್ಟ ಯಂತ್ರಕ್ಕೆ ಉಸುರುತ್ತಿದ್ದಳು. ಆ ಧ್ವನಿಮುದ್ರಣ ಜಾನಿ ಕಾರ್ಸನ್ನರ ಟಿ.ವಿ. ಕಾರ್ಯಕ್ರಮದಲ್ಲಿ ಇಡೀ ದೇಶಕ್ಕೆ ಕೇಳಿಸಿತು. ಮರುವರ್ಷ ಪಾಪಾಫ್ ದಿವಾಳಿ.

ಅಲ್ಲಿಗೆ ಮುಗಿಯಬೇಕಿತ್ತು, ಅಲ್ಲವೇ? ಆತ ಮತ್ತೆ ಟಿ.ವಿ.ಗೆ ಬಂದ, 'ಪವಾಡದ ನೀರು' ಹಂಚತೊಡಗಿದ, ಈ ಸಲ ಸಾಲ ತೀರುತ್ತದೆಂಬ ಆಸೆ ತೋರಿಸಿ. ಬಯಲಾಗಿದ್ದು ಮೋಸ ಮಾತ್ರ. ಆಸ್ಪತ್ರೆಯ ಬಿಲ್ಲು, ಸಾಲ, ಒಂಟಿತನ ಇದ್ದಲ್ಲೇ ಇದ್ದವು. ರ‍್ಯಾಂಡಿ ಗುರಿಯಿಟ್ಟದ್ದು ಕಿವಿಯ ಯಂತ್ರಕ್ಕೆ, ಚೀಟಿ ಬರೆದವರಿಗಲ್ಲ, ಅದನ್ನು ನೆನಪಿಡು.

ಇನ್ನೊಬ್ಬ ಟಿ.ವಿ. ಬೋಧಕ ಜಿಮ್ ಬೇಕರನನ್ನು ಕೆಡವಿದ್ದೂ ನಾಸ್ತಿಕರ ವಾದವಲ್ಲ, ಲೆಕ್ಕದ ಪುಸ್ತಕ. ದಕ್ಷಿಣ ಕ್ಯಾರೊಲಿನಾದ ತನ್ನ ವಿಹಾರಧಾಮದಲ್ಲಿ, 1,000 ಡಾಲರ್ ಕೊಟ್ಟವರಿಗೆ ಜೀವನಪೂರ್ತಿ ವರ್ಷಕ್ಕೆ ಮೂರು ರಾತ್ರಿ ತಂಗುವ ಹಕ್ಕು ಎಂದು ಟಿ.ವಿ.ಯಲ್ಲಿ ಸಾರಿದ. ಮಾರಿದ ಹಕ್ಕಿಗೂ ಇದ್ದ ಕೋಣೆಗೂ ತಾಳೆಯೇ ಇರಲಿಲ್ಲ. 'ಷಾರ್ಲಟ್ ಅಬ್ಸರ್ವರ್' ಪತ್ರಿಕೆಯವರು ಕಾಗದಪತ್ರ ಕೆದಕಿ ಕೆದಕಿ ಬರೆದರು, 1988ರಲ್ಲಿ ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಮರುವರ್ಷ ಬೇಕರನಿಗೆ 45 ವರ್ಷ ಶಿಕ್ಷೆಯಾಯಿತು. ಆಮೇಲೆ ಅದು ಇಳಿದು, 1994ರಲ್ಲಿ ಹೊರಬಂದ ಅನ್ನು. ದುಡ್ಡು ಕಳಕೊಂಡವರೆಲ್ಲ ಭಕ್ತರೇ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ಬೋಧಕ ಬಿಲ್ಲಿ ಗ್ರಹಾಂ 1948ರಲ್ಲೇ ಜೊತೆಗಾರರನ್ನು ಕೂರಿಸಿಕೊಂಡು ಹಣದ ವಿಷಯದಲ್ಲಿ ಕಟ್ಟುಪಾಡು ಮಾಡಿಕೊಂಡರು, ಕಾಣಿಕೆ ಬಾಚಿಕೊಳ್ಳದೆ ಸಂಬಳ ತೆಗೆದುಕೊಂಡರು. ಅವರ ದೇವರು ನನಗೆ ಬೇಡ, ಆ ಶಿಸ್ತು ಬೇಕು.

ಕಷ್ಟವೆಂದರೆ ಅಮೆರಿಕದ ಕಾನೂನು. ಬೇರೆ ದತ್ತಿ ಸಂಸ್ಥೆಗಳು ವರ್ಷವರ್ಷ ಆದಾಯ ತೆರಿಗೆ ಇಲಾಖೆಗೆ ಲೆಕ್ಕ ಒಪ್ಪಿಸಬೇಕು, ಚರ್ಚಿಗೆ ಆ ಕಟ್ಟಳೆಯಿಲ್ಲ. 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ಟಿ.ವಿ. ಬೋಧಕ ಸಂಸ್ಥೆಗಳಿಗೆ ಖರ್ಚಿನ ವಿವರ ಕೇಳಿ ಬರೆದರು. ಪೂರ್ತಿ ಉತ್ತರ ಕೊಟ್ಟವು ಎರಡು. ಅವುಗಳಲ್ಲಿ ಒಂದು, 2005ರಲ್ಲಿ ನಮ್ಮ ಬೆಂಗಳೂರಿನ ಜಕ್ಕೂರಿಗೂ ಬಂದು ಸಭೆ ಮಾಡಿಹೋದ ಬೆನ್ನಿ ಹಿನ್ ಅವರದು. 2011ರಲ್ಲಿ ವಿಚಾರಣೆ ಮುಗಿಯಿತು, ಯಾರಿಗೂ ದಂಡವಾಗಲಿಲ್ಲ.

ಹಾಗಾಗಿ ಕೇಳುವ ಕೆಲಸ ಕೊಡುವವರ ಮೇಲೇ ಬೀಳುತ್ತದೆ. ನಿನ್ನ ಸಹೋದ್ಯೋಗಿ ಟಿ.ವಿ. ಬೋಧಕರಿಗೆ ದುಡ್ಡು ಕಳಿಸುತ್ತೇನೆಂದರೆ ದೇವರಿದ್ದಾನೋ ಇಲ್ಲವೋ ಎಂಬ ಜಗಳ ತೆಗೆಯಬೇಡ. ಆಡಿಟ್ ಆದ ಲೆಕ್ಕ ಸಿಗುತ್ತದೆಯೇ, ಬೋಧಕರ ಸಂಬಳ ನಿಗದಿ ಮಾಡುವವರು ಯಾರು, ಆಡಳಿತ ಮಂಡಳಿಯಲ್ಲಿ ಅವರ ಮನೆಯವರೇ ಎಷ್ಟು ಜನ ಎಂದು ಕೇಳು. ಅದಕ್ಕೂ ಮುಂಚೆ, ಆ ಹಣ ಯಾವ ಕಷ್ಟ ನೀಗಲೆಂದು ಕಳಿಸುತ್ತಿದ್ದಾರೆ ಅಂತ ವಿಚಾರಿಸು. ಊರಿಗೆ ಬಂದಾಗ ಇವೇ ಪ್ರಶ್ನೆಗಳನ್ನು ನಮ್ಮ ಬಾಬಾಗಳ, ಸ್ವಾಮಿಗಳ ಆಶ್ರಮದಲ್ಲೂ ಕೇಳು. ಅಲ್ಲಿ ಗಂಟಲು ಒಣಗೀತು, ಯಾಕೆಂದರೆ ಮುಂದಿನ ಸಾಲಿನಲ್ಲಿ ಕೂತಿರುವವರು ನಿನ್ನ ಸ್ವಂತ ಚಿಕ್ಕಮ್ಮಂದಿರು.