ಹಳೆಯ ಭಿತ್ತಿಪತ್ರಗಳು ಮತ್ತು ವಿಜ್ಞಾನಕಲ್ಪನೆಯ ಚಿತ್ರಗಳು

ಚಲಚ್ಚಿತ್ರದ ಭಿತ್ತಿಪತ್ರವನ್ನು ಕಾಪಿಡಬೇಕೆಂದು ಯಾರೂ ಅಚ್ಚು ಹಾಕಿಸಲಿಲ್ಲ. ಮುಂದಿನ ಚಿತ್ರದ ಕಾಗದವು ಮೇಲೆ ಬಿದ್ದೊಡನೆ ಅದರ ಆಯುಸ್ಸು ತೀರುತ್ತಿತ್ತು. ಅಂತಹ ಕಾಗದವನ್ನೇ, ವಿಶೇಷವಾಗಿ ವಿಜ್ಞಾನಕಲ್ಪನೆಯ ಚಿತ್ರಗಳದನ್ನು, ಇಂದು ಸಂಗ್ರಾಹಕರು ದೇಶದೇಶಗಳಲ್ಲಿ ಅರಸುತ್ತಿದ್ದಾರೆ. ಇದು ಬರಿಯ ಶೋಕಿಯಲ್ಲವೆಂಬುದು, ಆ ಚಿತ್ರಗಳ ಬಾಲ್ಯವನ್ನು ನೋಡಿದರೆ ನಮಗೆ ಮನವರಿಕೆಯಾಗುತ್ತದೆ.

ಫ್ರಾನ್ಸಿನ ಜಾರ್ಜ್ ಮೆಲಿಯೆ ಎಂಬ ಐಂದ್ರಜಾಲಿಕನು 1902ರಲ್ಲಿ ಚಂದ್ರಲೋಕದ ಯಾತ್ರೆಯನ್ನು ಕುರಿತು ಒಂದು ಕಿರುಚಿತ್ರವನ್ನು ತೆಗೆದನು. ಫಿರಂಗಿಯಿಂದ ಹಾರಿದ ಗುಂಡು ಚಂದ್ರನ ಕಣ್ಣಿನಲ್ಲಿ ನಾಟಿಕೊಳ್ಳುವ ಅದರ ದೃಶ್ಯವು ಲೋಕಪ್ರಸಿದ್ಧವಾಗಿದೆ. ಮುಂದೆ ಉದ್ಯಮವು ಮುರಿದುಬಿದ್ದು, 1923ರಲ್ಲಿ ತನ್ನ ಚಿತ್ರಗಳ ಮೂಲ ಸುರುಳಿಗಳನ್ನು ಅವನೇ ಸುಟ್ಟುಹಾಕಿದನು. ಅನ್ಯರ ಕೈಯಲ್ಲಿ ಉಳಿದಿದ್ದ ಪ್ರತಿಗಳಿಂದಲೇ ನಮಗೆ ಅವನ ಪರಿಚಯ.

ಜರ್ಮನಿಯ ಫ್ರಿಟ್ಸ್ ಲ್ಯಾಂಗನ 'ಮೆಟ್ರೊಪೊಲಿಸ್' 1927ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡಿತು. ಭೂಗರ್ಭದಲ್ಲಿ ದುಡಿಯುವ ಕಾರ್ಮಿಕರು, ಮೇಲಿನ ಗೋಪುರಗಳಲ್ಲಿ ಸುಖಿಸುವ ಒಡೆಯರು, ಇವರ ನಡುವೆ ಸ್ತ್ರೀರೂಪದ ಒಂದು ಯಂತ್ರ: ಇದು ಅದರ ವಸ್ತು. ಮೊದಲ ಪ್ರದರ್ಶನಗಳ ತರುವಾಯ ಅದರ ಕಾಲುಭಾಗದಷ್ಟನ್ನು ಕತ್ತರಿಸಿ ಎಸೆದರು. 2008ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಗೀರುಬಿದ್ದ ಪ್ರತಿಯೊಂದು ದೊರೆತುದರಿಂದ, ಕಳೆದುಹೋದುದರಲ್ಲಿ ಬಹುಭಾಗವು 2010ರಲ್ಲಿ ಮತ್ತೆ ತೆರೆಗೆ ಬಂದಿತು. ಅಷ್ಟೂ ಕಾಲ, ಶುಲ್ಟ್ಸ್-ನ್ಯೂಡಾಮ್ ಎಂಬ ಕಲಾವಿದನು ಆ ಯಂತ್ರಸ್ತ್ರೀಯ ಮುಖವನ್ನು ಮುಗಿಲು ಮುಟ್ಟುವ ಕಟ್ಟಡಗಳ ಮುಂದೆ ನಿಲ್ಲಿಸಿ ಬರೆದ ಕಲ್ಲಚ್ಚಿನ ಭಿತ್ತಿಪತ್ರವು ಅಂಗಚ್ಛೇದವಿಲ್ಲದೆ ಉಳಿದಿತ್ತು! ಬಲ್ಲವರಿಗೆ ತಿಳಿದ ಪ್ರತಿಗಳು ನಾಲ್ಕೇ. ಒಂದು 2005ರಲ್ಲಿ 6,90,000 ಡಾಲರುಗಳಿಗೆ ಮಾರಾಟವಾಯಿತು. ಬೆಲೆಯ ಮಾತು ಧನಿಕರಿಗಿರಲಿ. ಅಂದಿನ ಜನರಿಗೆ ಯಂತ್ರಯುಗವು ಯಾವ ಮುಖದಿಂದ ಕಾಣಿಸಿತೆಂಬುದಕ್ಕೆ ಆ ಹಾಳೆಯೇ ಸಾಕ್ಷಿ.

ಸಾಕ್ಷಿ ಎಂದೆವು, ಆದರೆ ಪಾಟೀಸವಾಲಿಗೆ ಒಳಪಡಿಸಬೇಕಾದ ಸಾಕ್ಷಿ. ಅಮೆರಿಕದ 'ಫರ್ಬಿಡನ್ ಪ್ಲಾನೆಟ್' (1956) ಚಿತ್ರದ ಭಿತ್ತಿಪತ್ರದಲ್ಲಿ ಭೀಕರವಾದ ಯಂತ್ರಮಾನವನೊಬ್ಬನು ಮೂರ್ಛೆಹೋದ ತರುಣಿಯನ್ನು ಹೊತ್ತು ನಿಂತಿದ್ದಾನೆ. ಚಿತ್ರದಲ್ಲಾದರೋ ಆ ದೃಶ್ಯವೇ ಇಲ್ಲ. ಅಲ್ಲಿ ಅವನು ಪರಮವಿಧೇಯನಾದ ಸೇವಕ. ಆ ಹಾಳೆ ಹೇಳುವುದು ಕಥೆಯನ್ನಲ್ಲ, ಟಿಕೆಟು ಕೊಳ್ಳುವವನ ಭಯವನ್ನು ವ್ಯಾಪಾರಿಯು ಅಳೆದ ಬಗೆಯನ್ನು.

ಸಂಗ್ರಹಿಸಹೊರಟವರು ಮೊದಲು ಅಳತೆಪಟ್ಟಿಯನ್ನು ಹಿಡಿಯತಕ್ಕದ್ದು. ಆ ಕಾಲದ ಅಮೆರಿಕದ ಸಾಮಾನ್ಯ ಹಾಳೆ 27 ಅಂಗುಲ ಅಗಲ, 41 ಅಂಗುಲ ಉದ್ದ. ಚಿತ್ರಮಂದಿರಗಳಿಗೆ ಅದನ್ನು ಮಡಿಸಿಯೇ ಕಳುಹಿಸುತ್ತಿದ್ದರು. ಅಳತೆ ತಪ್ಪಿದ, ಮಡಿಕೆಯೇ ಇಲ್ಲದ ಹಾಳೆಯು ಈಚಿನ ಮರುಮುದ್ರಣವಾಗಿರಬಹುದು. ಇಂತಹ ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಗಟ್ಟಿ ಮುರಿಯುತ್ತದೆ. ಬಿಸಿಲು ಬಣ್ಣವನ್ನು ಕುಡಿಯುತ್ತದೆ. ಹರಿದೆಡೆಯಲ್ಲಿ ಅಂಗಡಿಯ ಅಂಟುಪಟ್ಟಿಯನ್ನು ಹಚ್ಚಲೇಬಾರದು. ನುರಿತವರು ತೆಳುಕಾಗದವನ್ನೂ ಬಟ್ಟೆಯನ್ನೂ ಹಿಂಬದಿಗೆ ಗೋಧಿಯ ಗಂಜಿಯಿಂದ ಅಂಟಿಸುತ್ತಾರೆ. ಬೇಕಾದಾಗ ನೀರಿನಿಂದ ನೆನಸಿ ಅದನ್ನು ಬಿಡಿಸಬಹುದು. ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಬಿಸಿಮಾಡಿ ಅಂಟಿಸಿದರೆ ಬಿಡಿಸುವ ದಾರಿಯಿಲ್ಲ.