ಅಲ್ಯೂಮಿನಿಯಂ ತನ್ನ ಕಂತು ತಾನೇ ಕಟ್ಟಬೇಕು

ಟಿಗ್ ವೆಲ್ಡಿಂಗ್ ಮಷೀನು ಯಾವುದು ತಗೊಳ್ಳಲಿ ಅಣ್ಣಾ ಎಂದು ಆದೋನಿ, ಎಮ್ಮಿಗನೂರು, ಕೋಸಿಗಿ ಕಡೆಯ ಹುಡುಗರು ನನ್ನ ಶಾಪಿಗೆ ಬಂದು ಕೇಳುತ್ತಾರೆ. ಕಂಪನಿ ಹೆಸರು ಆಮೇಲೆ, ಮೊದಲು ನಿನ್ನ ಆರ್ಡರ್ ಪುಸ್ತಕ ತೆಗಿ ಅನ್ನುತ್ತೇನೆ. ಹೋದ ಮೂರು ತಿಂಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಕೆಲಸ ಎಷ್ಟು, ಅಲ್ಯೂಮಿನಿಯಂ ವೆಲ್ಡಿಂಗ್ ಎಷ್ಟು?

ದುಡ್ಡಿನ ಲೆಕ್ಕವೆಲ್ಲ ಅಲ್ಲೇ ಇದೆ. ಸ್ಟೀಲಿಗೆ ಡಿಸಿ ಸಾಕು. ಅಲ್ಯೂಮಿನಿಯಂಗೆ ಎಸಿ ಬೇಕು. ಆ ಲೋಹ 660 ಡಿಗ್ರಿಗೆ ಕರಗುತ್ತದೆ, ಮೇಲಿನ ಆಕ್ಸೈಡ್ ಪೊರೆ ಮಾತ್ರ 2,000 ಡಿಗ್ರಿ ದಾಟಿದರೂ ಜಗ್ಗದು. ಎಸಿ ಆ ಪೊರೆಯನ್ನು ಒಡೆಯುತ್ತ ಹೋಗುತ್ತದೆ. ಎರಡೂ ಇರುವ ಎಸಿ/ಡಿಸಿ ಮಷೀನಿನ ಬೆಲೆ ಬರೀ ಡಿಸಿಯದರ ಎರಡು ಪಟ್ಟು ದಾಟುವುದುಂಟು. ಮೈಮೇಲೆ ‘ಎಸಿ 230 ವೋಲ್ಟ್’ ಎಂದು ಬರೆದಿದ್ದರೆ ನಂಬಿಬಿಡಬೇಡಿ. ಅದು ಪ್ಲಗ್ಗಿನಿಂದ ಒಳಗೆ ಹೋಗುವ ಕರೆಂಟು. ಟಾರ್ಚಿಗೆ ಏನು ಬರುತ್ತದೆ ಎಂದು ಕೇಳಿ.

ನಮ್ಮೂರಲ್ಲಿ ಅಲ್ಯೂಮಿನಿಯಂ ಕೆಲಸಕ್ಕೇನೂ ಬರವಿಲ್ಲ, ಆದರೆ ಕಿಟಕಿ, ಪಾರ್ಟಿಶನ್ನುಗಳನ್ನು ಸ್ಕ್ರೂ, ರಿವೆಟ್ಟಿನಲ್ಲೇ ಕೂಡಿಸುತ್ತಾರೆ. ವೆಲ್ಡಿಂಗಿಗೆ ನನ್ನಲ್ಲಿಗೆ ಬರುವುದು ಬಿರುಕುಬಿಟ್ಟ ಇಂಜಿನ್ ಕೇಸು, ಸೋರುವ ದೊಡ್ಡ ಪಾತ್ರೆ, ಅದೂ ಅಪರೂಪಕ್ಕೆ. ಸ್ಟೀಲು ಹಾಗಲ್ಲ: ಮೆಟ್ಟಿಲ ರೇಲಿಂಗು, ಹೋಟೆಲಿನ ಕೌಂಟರು, ಮಂತ್ರಾಲಯದ ಕಡೆ ಲಾಡ್ಜುಗಳ ಕೆಲಸ ವರ್ಷವಿಡೀ ಇರುತ್ತದೆ.

ಎರಡು ಮಷೀನುಗಳ ನಡುವಿನ ಅಂತರ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 12ರ ಬಡ್ಡಿಗೆ ಎರಡು ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 1,880. ಗ್ಯಾಸು, ರಾಡು, ಕರೆಂಟು, ಕೂಲಿ ಕಳೆದ ಮೇಲೆ ಅಲ್ಯೂಮಿನಿಯಂ ಒಂದರಿಂದಲೇ ಇಷ್ಟು ಉಳಿಯಬೇಕು. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಸಾಲವುಂಟು, ಆದರೆ ಸಾಲ ಸಿಗುತ್ತದೆಂಬುದು ಮಷೀನು ಕೊಳ್ಳಲು ಕಾರಣವಲ್ಲ. ಮಷೀನಿನ ಮೇಲಿನ ಶೇ. 18 ಜಿಎಸ್‌ಟಿಯನ್ನೂ ನೋಡಿ: ನೋಂದಣಿ ಮಾಡಿಸಿ ತೆರಿಗೆ ಕಟ್ಟುವವರು ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು, ನೋಂದಣಿ ಇಲ್ಲದವರಿಗೆ ಅದೂ ಖರ್ಚೇ.

ಮಷೀನಿಗೆ ದುಡ್ಡು ಒಮ್ಮೆ, ಆರ್ಗಾನ್ ಗ್ಯಾಸಿಗೆ ಸದಾ. 7 ಘನ ಮೀಟರಿನ ಸಿಲಿಂಡರಿನಲ್ಲಿ 7,000 ಲೀಟರ್ ಗ್ಯಾಸು. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಸುಮಾರು ಹನ್ನೊಂದೂವರೆ ಗಂಟೆಗೆ ಖಾಲಿ. ತುಂಬಿಸಿ ತರುವ ಗಾಡಿ ಬಾಡಿಗೆಯನ್ನೂ ಸೇರಿಸಿಯೇ ಅಡಿ ರೇಟು ಹೇಳಿ. ಡ್ಯೂಟಿ ಸೈಕಲ್ ಕೂಡ ಓದಿ: 200 ಆಂಪಿಗೆ ಶೇ. 60 ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ನಮ್ಮ ಬೇಸಿಗೆಯಲ್ಲಿ ಅಷ್ಟನ್ನೂ ನೆಚ್ಚಬೇಡಿ.

ಗ್ಯಾರೇಜುಗಳ ಸಾಲಿನಲ್ಲಿ ಶಾಪಿದ್ದು ದಿನಾ ಕೇಸು, ರೇಡಿಯೇಟರು ಬರುತ್ತಿದ್ದರೆ ಕಣ್ಣುಮುಚ್ಚಿ ಎಸಿ/ಡಿಸಿ ಕೊಳ್ಳಿ. ಉಳಿದವರು ಡಿಸಿಯಿಂದಲೇ ಶುರುಮಾಡಿ. ಬಂದ ಅಲ್ಯೂಮಿನಿಯಂ ಕೆಲಸವನ್ನು ಎಸಿ ಇರುವ ಶಾಪಿನಲ್ಲಿ ಮಾಡಿಸಿಕೊಡಿ. ನಿಮ್ಮ ಪಾಲು ಸಣ್ಣದಾದರೂ ಗಿರಾಕಿ ಕೈತಪ್ಪುವುದಿಲ್ಲ. ಮೂರು ತಿಂಗಳು ಬಿಡದೆ ಆ ಕೆಲಸದ ಲಾಭ ಕಂತನ್ನು ಮೀರುವಂತೆ ಕಂಡರೆ ಆಗ ಬ್ಯಾಂಕಿಗೆ ಹೋಗಿ.